ಮಡಿ ನೀರಿನ ಮೀನುಗಳು

ಹೊಳೆಯ ದಡದಲ್ಲೊಂದು ಆಶ್ರಮ. ಮೀನು ನೋಡಬೇಕೆಂದರೆ ನಾಲ್ಕು ಮೆಟ್ಟಿಲಿಳಿದು ಹೊಳೆಗೆ ಹೋದರಾಯಿತು. ಆದರೂ ಒಂದು ದಿನ ಅಲ್ಲಿಗೆ ಆಟೋದಲ್ಲಿ ಮೀನು ಬಂದವು.

ವರ್ಗವಾಗಿ ದೂರದ ಊರಿಗೆ ಹೊರಟಿದ್ದ ಭಕ್ತರೊಬ್ಬರು ತಮ್ಮ ಮನೆಯ ಅಕ್ವೇರಿಯಂ ಅನ್ನು ಗುರುಗಳಿಗೆ ಒಪ್ಪಿಸಿ ಹೋದರು. ಗಾಜಿನ ತೊಟ್ಟಿ, ಗುಳುಗುಳು ಅನ್ನುವ ಒಂದು ಮೋಟರು, ಅದರ ಬಾಯಿಗೊಂದು ಸ್ಪಂಜು, ತಳದಲ್ಲಿ ಸಣ್ಣ ಕಲ್ಲು, ಒಂದಿಷ್ಟು ನೀರುಗಿಡ, ಬಣ್ಣಬಣ್ಣದ ಹನ್ನೆರಡು ಮೀನು.

ಗುರುಗಳು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಪುಂಡಲೀಕನನ್ನು ಕರೆದರು.

“ಇವು ಬದುಕಿರಬೇಕು. ಅಷ್ಟೇ ನಿನ್ನ ಕೆಲಸ.”

ಪುಂಡಲೀಕ ಹನ್ನೊಂದು ವರ್ಷದಿಂದ ಶಿಷ್ಯ. ವಯಸ್ಸು ನಲವತ್ತರ ಹತ್ತಿರ. ಮಡಿಯಲ್ಲಿ ಅವನನ್ನು ಮೀರಿಸುವವರು ಆ ಹೊಳೆಸಾಲಿನಲ್ಲೇ ಇರಲಿಲ್ಲ. ಕಾಗೆ ಹಾರಿಹೋದರೆ ಅದರ ನೆರಳು ಬಿದ್ದ ಕಡೆ ನೀರು ಚಿಮುಕಿಸುವ ಪೈಕಿ.

ತಿಂಗಳಿಗೊಮ್ಮೆ ಶಿಷ್ಯರ ತಲೆ ಬೋಳಿಸಲು ಊರಿನ ಸಲೂನಿನ ಚೆಲುವಣ್ಣ ಬರುತ್ತಿದ್ದ. ಅವನು ಬೋಳಿಸಿ ಕತ್ತಿ ಕೆಳಗಿಟ್ಟದ್ದೇ ತಡ, ಪುಂಡಲೀಕ ಹೊಳೆಗೆ ಹಾರುತ್ತಿದ್ದ. ಮೂರು ಮುಳುಗು. ಅನುಮಾನ ಬಂದರೆ ನಾಲ್ಕು.

ಇಂಥವನ ಕೈಗೆ ಮೀನಿನ ತೊಟ್ಟಿ ಸಿಕ್ಕರೆ ಕೇಳಬೇಕೆ?

ಮೊದಲ ದಿನವೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿದ. ಕಲ್ಲುಗಳನ್ನು ಅನ್ನದ ಹಾಗೆ ಬೇಯಿಸಿದ. ಗಿಡಗಳನ್ನು ಕಿತ್ತು ಬೇರು ತಿಕ್ಕಿದ. ಸ್ಪಂಜು ಹಿಂಡಿದರೆ ಕಂದು ಬಣ್ಣದ ಲೋಳೆ ಸುರಿಯಿತು. ಅವನು ಮೂಗು ಮುಚ್ಚಿಕೊಂಡ. ಸ್ಪಂಜನ್ನು ಕುದಿಯುವ ನೀರಲ್ಲಿ ಅದ್ದಿ, ಒಗೆಯುವ ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದ. ಸ್ಪಂಜು ಹತ್ತಿಯಷ್ಟು ಬೆಳ್ಳಗಾಯಿತು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಏಕಾದಶಿಗೆ ಮೀನುಗಳಿಗೂ ಉಪವಾಸ. ಯಾರಾದರೂ ತೊಟ್ಟಿಯ ಹತ್ತಿರ ಬಂದರೆ, ಒದ್ದೆ ಪಂಚೆಯಲ್ಲಿ ಎರಡೂ ಕೈ ಅಡ್ಡ ಹಿಡಿದು “ಮಡಿ, ಮಡಿ” ಎನ್ನುತ್ತಿದ್ದ.

ನೀರು ಎಷ್ಟು ತಿಳಿಯಾಯಿತೆಂದರೆ, ಮೀನುಗಳು ಗಾಳಿಯಲ್ಲಿ ನಿಂತಿವೆಯೋ ಅನ್ನಿಸಬೇಕು.

ವಾರದೊಳಗೆ ನಾಲ್ಕು ಹೊಟ್ಟೆ ಮೇಲಾಗಿ ತೇಲಿದವು.

ಪುಂಡಲೀಕ ಗುರುಗಳ ಮುಂದೆ ಕೈಕಟ್ಟಿ ನಿಂತ. “ಗುರುಗಳೇ, ಮೈಲಿಗೆ ಎಲ್ಲೋ ಉಳ್ಕೊಂಡಿದೆ.”

“ಹುಡುಕು,” ಎಂದರು ಗುರುಗಳು.

ಹುಡುಕಿದ. ದಿನಕ್ಕೆರಡು ಸಲ ತೊಳೆದ. ಮೋಟರಿನ ಹೊಟ್ಟೆಯೊಳಕ್ಕೆ ಹತ್ತಿಯ ಬತ್ತಿ ತೂರಿಸಿ ತಿಕ್ಕಿದ. ಇನ್ನೂ ಐದು ಮೀನು ಹೋದವು. ಗಿಡಗಳು ಬೇಯಿಸಿದ ಸೊಪ್ಪಾದವು.

ಉಳಿದದ್ದು ಮೂರು. ಅದರಲ್ಲೊಂದು ಬಾಲ ಹರಿದ ಕಿತ್ತಳೆ ಬಣ್ಣದ್ದು. ಪುಂಡಲೀಕ ಬೆಳಿಗ್ಗೆ ಗಾಜಿನ ಮುಂದೆ ಬಂದರೆ ಸಾಕು, ಓಡಿ ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನನ್ನು ಕಂಡು ಓಡಿ ಬಂದ ಜೀವ ಅದೊಂದೇ. ಮಿಕ್ಕವರೆಲ್ಲ ಅವನನ್ನು ಕಂಡರೆ ದೂರ ಸರಿಯುತ್ತಿದ್ದರು. ಅವನೇ ಹಾಗೆ ಕಲಿಸಿದ್ದ.

ಆ ದಿನ ಅದು ಬರಲಿಲ್ಲ. ಒಂದು ಮೂಲೆಯಲ್ಲಿ ವಾಲಿಕೊಂಡು, ಬಾಯಿ ಬಿಡುತ್ತಿತ್ತು. ಪುಂಡಲೀಕನಿಗೆ ಅಳು ಬಂತು. ಮರೆಮಾಚದೆ ಅತ್ತ.

“ಗುರುಗಳೇ, ಇದೂ ಹೋಗುತ್ತೆ. ನಾನೇನು ತಪ್ಪು ಮಾಡ್ದೆ?”

“ದಿನಾ ಅವುಗಳ ಮುಂದೆ ನಿಂತು ಏನಂತೀಯ?”

“ಏನೂ ಅನ್ನಲ್ಲ. ‘ಮಡಿ, ಮಡಿ’ ಅಂತೀನಿ, ಅಷ್ಟೇ.”

“ಹೇಳಿದ ಮಾತು ಕೇಳೋ ಮೀನು ಕಣಯ್ಯ,” ಎಂದರು ಗುರುಗಳು. “ಮಡೀತಾ ಇವೆ.”

ಅಳುವಿನ ನಡುವೆ ಪುಂಡಲೀಕನಿಗೆ ಸಿಟ್ಟೂ ಬಂತು. “ತಮಾಷೆ ಬೇಡಿ ಗುರುಗಳೇ. ಬದುಕಿಸೋ ದಾರಿ ಹೇಳಿ.”

“ನನಗೆ ಮೀನಿನ ವಿಷಯ ಗೊತ್ತಿಲ್ಲ. ಈ ಊರಲ್ಲಿ ಯಾರ ತೊಟ್ಟಿ ಮೀನು ಬದುಕಿವೆಯೋ ಅವರನ್ನ ಹೋಗಿ ಕೇಳು.”

ಊರಲ್ಲಿ ಇನ್ನೊಂದೇ ತೊಟ್ಟಿ ಇತ್ತು. ಅದು ಚೆಲುವಣ್ಣನ ಸಲೂನಿನಲ್ಲಿ.

ಪುಂಡಲೀಕ ಹೋದ. ಆದರೆ ಬಾಗಿಲಲ್ಲೇ ನಿಂತ. ಒಳಗೆ ನೆಲದ ತುಂಬ ಊರಿನವರ ಕೂದಲು. ಕನ್ನಡಿಯ ಪಕ್ಕದ ತೊಟ್ಟಿಯಲ್ಲಿ ಗಿಡಗಳು ಕಾಡಿನಂತೆ ಬೆಳೆದಿದ್ದವು. ಹಿಂದಿನ ಗಾಜಿಗೆ ಪಾಚಿ. ನೀರಿಗೆ ತೆಳು ಟೀ ಬಣ್ಣ. ಅದರೊಳಗೆ ಮೂವತ್ತು ಮೀನು, ಮರಿಗಳು ಬೇರೆ, ಮದುವೆಮನೆಯ ಮಕ್ಕಳ ಹಾಗೆ ಓಡಾಡಿಕೊಂಡಿದ್ದವು.

“ಇದನ್ನ ಯಾವಾಗಪ್ಪ ತೊಳೆದಿದ್ದು?”

“ತೊಳೆಯೋದಾ?” ಚೆಲುವಣ್ಣ ಗಿರಾಕಿಯ ಕೆನ್ನೆಗೆ ಸೋಪು ಹಚ್ಚುತ್ತಲೇ ಹೇಳಿದ. “ವಾರಕ್ಕೊಂದು ಬಕೆಟ್ ನೀರು ತೆಗೀತೀನಿ, ಒಂದು ಬಕೆಟ್ ಹಾಕ್ತೀನಿ. ಅಷ್ಟೇಯ. ನೀವೇನ್ ಮಾಡ್ತೀರಿ ಸ್ವಾಮಿ?”

ಪುಂಡಲೀಕ ಒಂದನ್ನೂ ಬಿಡದೆ ಹೇಳಿದ. ಕಲ್ಲು ಬೇಯಿಸಿದ್ದು ಕೇಳಿ ಗಿರಾಕಿ ಸೋಪಿನೊಳಗೇ ನಕ್ಕ. ಚೆಲುವಣ್ಣ ನಗಲಿಲ್ಲ.

“ಆ ಸ್ಪಂಜಲ್ಲಿ ಲೋಳೆ ಇತ್ತಲ್ಲ ಸ್ವಾಮಿ, ಅದ್ರಲ್ಲಿ ಕಣ್ಣಿಗೆ ಕಾಣ್ದಂಗೆ ಜೀವ ಇರ್ತವೆ. ಮೀನಿನ ಹೊಲಸು ತಿಂದು ನೀರು ಕಾಯೋವು ಅವೇಯ. ನೀವು ದಿನಾ ಕಾವಲಿನವರನ್ನ ಕೊಂದುಬಿಟ್ಟು, ಮನೆ ಯಾಕೆ ಕಳವಾಯ್ತು ಅಂತ ಕೇಳ್ತಿದ್ದೀರಿ.” ಸ್ವಲ್ಪ ಯೋಚಿಸಿ ಸೇರಿಸಿದ. “ಏಕಾದಶಿ ಒಂದು ಸರಿಯಾಗಿ ಮಾಡಿದ್ದೀರಿ. ಆಗಾಗ ಹೊಟ್ಟೆ ಖಾಲಿ ಬಿಟ್ರೆ ಮೀನಿಗೆ ಒಳ್ಳೇದು.”

ಪುಂಡಲೀಕನ ಮುಖ ಅಷ್ಟಕ್ಕೇ ಅರಳಿತು.

“ಈಗ ಏನು ಮಾಡ್ಲಿ?”

“ನನ್ನ ಸ್ಪಂಜಲ್ಲಿ ಅರ್ಧ ಕೊಯ್ದು ಕೊಡ್ತೀನಿ. ಒಂದು ಹಿಡಿ ಕಲ್ಲು, ಬೇರಿನ ಸಮೇತ ಎರಡು ಗಿಡ. ಈಗಿಂದೀಗ್ಲೇ ಒಯ್ದು ಹಾಕಿ. ದಮ್ಮಯ್ಯ ಅಂತೀನಿ, ತೊಳೀಬೇಡಿ.”

ಚೆಲುವಣ್ಣ ಕತ್ತಿ ಕೆಳಗಿಟ್ಟು ತೊಟ್ಟಿಗೆ ಕೈ ಹಾಕಿದವನು ಅಲ್ಲೇ ತಡೆದ.

“ಅಲ್ಲ ಸ್ವಾಮಿ, ನಾನು ಮುಟ್ಟಿದ ತಲೇನೇ ನೀವು ಮೂರು ಸಲ ಮುಳುಗಿಸ್ತೀರಿ. ನನ್ನ ತೊಟ್ಟಿ ಕೊಳೆ ನಿಮಗೆ ಆಗುತ್ತಾ?”

ಅವನು ಕುಹಕಕ್ಕೆ ಕೇಳಲಿಲ್ಲ. ನಿಜವಾಗಿಯೇ ಕೇಳಿದ. ಪುಂಡಲೀಕನಿಗೆ ಅದೇ ಹೆಚ್ಚು ನಾಟಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಚಪ್ಪಲಿ ಬಿಟ್ಟು, ಕೂದಲು ತುಳಿದುಕೊಂಡೇ ಒಳಗೆ ಬಂದು, ತೀರ್ಥಕ್ಕೆ ಒಡ್ಡುವ ಹಾಗೆ ಎರಡೂ ಕೈ ಬೊಗಸೆ ಮಾಡಿ ಹಿಡಿದ.

“ಇರಿ ಸ್ವಾಮಿ,” ಎಂದ ಚೆಲುವಣ್ಣ. “ಕವರ್ ಕೊಡ್ತೀನಿ.”

ಕವರು ಸೋರುತ್ತಿತ್ತು. ಕಂದು ನೀರು ಪಂಚೆಯ ಮೇಲೆ ಇಳಿಯುತ್ತಿದ್ದರೂ ಪುಂಡಲೀಕ ಬೀದಿಯಲ್ಲಿ ಓಡಿದ. ಅವನು ಓಡುವುದನ್ನು ಊರು ಕಂಡದ್ದು ಅದೇ ಮೊದಲು.

ಆಶ್ರಮದಲ್ಲಿ ಶಿಷ್ಯರೆಲ್ಲ ಗುಂಪು ಕೂಡಿದರು. ಪುಂಡಲೀಕ ಸ್ಪಂಜನ್ನು ತೊಟ್ಟಿಯ ಮೇಲೆ ಹಿಡಿದ. ಕೆಳಗೆ ಆ ತಿಳಿನೀರು. ಕೈ ಮುಂದೆ ಹೋಗಲಿಲ್ಲ. ಗುರುಗಳ ಕಡೆ ನೋಡಿದ. ಗುರುಗಳು ಮೀನಿನ ಕಡೆ ನೋಡುತ್ತಿದ್ದರು.

ಕಿತ್ತಳೆ ಮೀನು ಇನ್ನಷ್ಟು ವಾಲಿತು.

ಪುಂಡಲೀಕ ಕಣ್ಣುಮುಚ್ಚಿ ಸ್ಪಂಜು ಹಿಂಡಿದ. ಕಂದು ಮೋಡ ತೊಟ್ಟಿಯ ತುಂಬ ಹರಡಿತು.

“ಶಿವ ಶಿವಾ, ಮೈಲಿಗೆ ಆಯ್ತಲ್ಲಯ್ಯ,” ಎಂದು ಹಿರಿಯ ಶಿಷ್ಯನೊಬ್ಬ ಹಿಂದೆ ಸರಿದ.

“ಸುಮ್ನಿರಿ,” ಎಂದ ಪುಂಡಲೀಕ. “ಅದು ಉಸಿರಾಡ್ಲಿ.”

ಆಮೇಲಿನದು ಕಷ್ಟದ ವಾರ. ಚೆಲುವಣ್ಣ ಹೇಳಿದ ಹಾಗೆ ಒಂದು ಬಕೆಟ್ ನೀರು ಬದಲಿಸಿದ್ದು ಬಿಟ್ಟರೆ, ತೊಟ್ಟಿಯನ್ನು ಮುಟ್ಟುವ ಹಾಗಿಲ್ಲ. ಪುಂಡಲೀಕನ ಕೈ ತುರಿಸುತ್ತಿತ್ತು. ತುರಿಸಿದಾಗಲೆಲ್ಲ ಗುರುಗಳು ಅವನನ್ನು ದನದ ಕೊಟ್ಟಿಗೆಗೆ ಕಳಿಸಿದರು. ಕೊಟ್ಟಿಗೆ ಫಳಫಳ ಹೊಳೆಯಿತು. ಹಸುಗಳು ಒಳಗೆ ಕಾಲಿಡಲು ಹೆದರಿದವು.

ಐದನೆಯ ದಿನ ಕಿತ್ತಳೆ ಮೀನು ನೆಟ್ಟಗಾಯಿತು. ಎಂಟನೆಯ ದಿನ ಪುಂಡಲೀಕನನ್ನು ಕಂಡು ಓಡಿ ಬಂತು. ಚೆಲುವಣ್ಣ ಕೊಟ್ಟ ಗಿಡಗಳು ಚಿಗುರು ಬಿಟ್ಟವು. ಅವುಗಳ ಜೊತೆ ಹೇಳದೆ ಕೇಳದೆ ಬಂದಿದ್ದ ಒಂದು ಬಸವನಹುಳು ಗಾಜು ಹತ್ತಿತು. ಪುಂಡಲೀಕ ಅದಕ್ಕೂ ಏನೂ ಅನ್ನಲಿಲ್ಲ.

ತಿಂಗಳು ತುಂಬಿತು. ಚೆಲುವಣ್ಣ ಬಂದು ಎಲ್ಲರ ತಲೆ ಬೋಳಿಸಿದ. ತೊಟ್ಟಿಗೆ ಇಣುಕಿ, “ಮೂರೂ ಉಳ್ಕೊಂಡ್ವಲ್ಲ ಸ್ವಾಮಿ,” ಎಂದು ಮನಸಾರೆ ಸಂತೋಷಪಟ್ಟ. ಆಮೇಲೆ ಎಂದಿನಂತೆ ತನ್ನ ಎಲೆ ತಾನೇ ತೆಗೆದುಕೊಂಡು ಹೊರಜಗಲಿಯ ತುದಿಯಲ್ಲಿ ಊಟಕ್ಕೆ ಕೂತ.

ಒಳಗೆ ಪಂಕ್ತಿ ಸಿದ್ಧವಾಗಿತ್ತು. ಮಿಂದ ಮೈ, ಒಗೆದ ಪಂಚೆ, ಒಬ್ಬರಿಗೊಬ್ಬರು ಮೊಳ ದೂರ.

ಪುಂಡಲೀಕ ಅನ್ನದ ಪಾತ್ರೆ ಹಿಡಿದು ಹೊಸ್ತಿಲ ಮೇಲೆ ನಿಂತುಬಿಟ್ಟ. ಅತ್ತಲೂ ಹೋಗಲಾರ, ಇತ್ತಲೂ ಹೋಗಲಾರ. ಕೊನೆಗೆ ಗುರುಗಳ ಹತ್ತಿರ ಬಂದು ಬಗ್ಗಿದ.

“ಗುರುಗಳೇ, ಚೆಲುವಣ್ಣ ಹೊರಗೆ ಕೂತಿದ್ದಾರೆ.”

ಬಹುವಚನ ತಾನಾಗಿಯೇ ಬಂದಿತ್ತು.

“ಹನ್ನೊಂದು ವರ್ಷದಿಂದ ನೀನೂ ನೋಡ್ತಿದ್ದೀಯ, ನಾನೂ ನೋಡ್ತಿದ್ದೀನಿ.”

“ಒಳಗೆ ಕರೆಯೋಣ ಅಂತ. ಆದ್ರೆ ಪಂಕ್ತಿ ಕೆಡುತ್ತೆ ಅಂತ ಇವರೆಲ್ಲ…”

ಗುರುಗಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತಮ್ಮ ಎಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೊಂದು ಎಲೆಗೆ ಜಾಗ ಮಾಡಿದರು.

“ಇಲ್ಲಿ ಬರೀ ನಾವು ನಾವೇ ಕೂತು ಉಂಡು, ನನಗೂ ಉಸಿರು ಕಟ್ತಾ ಇದೆ ಕಣಯ್ಯ. ಬೇಗ ಕರಿ.”