ಭರಮಪ್ಪ ಮೊಟ್ಟೆ ಇಟ್ಟದ್ದು, ಗಿಳಿಗೆ ಕೊರಳಪಟ್ಟಿ ಬಂದದ್ದು

"ಹುಣಸಜ್ಜಿ ಮರಕ್ಕೆ ದಾರಿ ಯಾವುದವ್ವಾ?" ಎಂದು ಸಂಕವ್ವ ಹೊಳೆಯನ್ನು ಕೇಳಿದಳು.

"ನನ್ನ ಕೇಳತೀಯಾ? ನಾನೇ ಮೊನ್ನೆ ಮೊನ್ನೆ ಹುಟ್ಟಿದಾಕಿ. ಇಳಕಲು ಕಂಡ ಕಡೆ ಹೊಂಟೀನಿ" ಎಂದಿತು ಹೊಳೆ.

ಅದು ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಗಿಳಿಗಳೆಲ್ಲ ಮೈತುಂಬ ಬರೀ ಹಸಿರು. ಗಂಡು ಯಾವುದು, ಹೆಣ್ಣು ಯಾವುದು, ನೋಡಿದರೆ ತಿಳಿಯುತ್ತಿರಲಿಲ್ಲ.

ಸಂಕವ್ವ ಒಂದು ಕಡೆ ನಿಂತವಳಲ್ಲ. ಮುಂದಿನ ದಾರಿಗಳೆಲ್ಲ ಅವಳಿಗೆ ಗೊತ್ತು. ಹಿಂದಿರುಗುವ ದಾರಿ ಮಾತ್ರ ಗೊತ್ತಿಲ್ಲ, ಏಕೆಂದರೆ ಅವಳು ಎಂದೂ ಹಿಂದಿರುಗಿರಲಿಲ್ಲ. ಸೊಂಟದ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಎರಡು ಗಿಳಿ. ಮರಿ ಮಾಡಿಸುತ್ತೇನೆಂದು ಹುಣಸಜ್ಜಿ ಎಂಬ ಮುದಿ ಹುಣಸೆಮರದಿಂದ ಬೇಡಿ ತಂದವು.

"ಸಾಕೋದು ಬ್ಯಾರೆ, ಮರಿ ಮಾಡಿಸೋದು ಬ್ಯಾರೆ. ಇವು ದಾನ ಅಲ್ಲ, ಕಡ" ಎಂದಿದ್ದಳು ಹುಣಸಜ್ಜಿ. "ಹಾರೋ ಮರಿಗಳನ್ನ ನನ್ನ ಪೊಟರೆಗೆ ತಂದು ಬಿಟ್ಟಾಗ ಕಡ ತೀರತೈತಿ. ಇನ್ನೊಂದು ಮಾತು ಕೇಳು..."

ಇನ್ನೊಂದು ಮಾತು ಕೇಳಲು ಸಂಕವ್ವ ಅಲ್ಲಿರಲಿಲ್ಲ.

ಮೆತ್ತಗಿದ್ದ ಗಿಳಿಗೆ ಅವಳು ಚಿಗುರಿ ಎಂದು ಹೆಸರಿಟ್ಟಳು. ಗಂಟಲು ಹರಿಯುವಂತೆ ಕಿರುಚುವುದಕ್ಕೆ ಭರಮಪ್ಪ ಎಂದಿಟ್ಟಳು. ಅವಳು ಕಂಡ ಊರುಗಳಲ್ಲೆಲ್ಲ ಹೆಚ್ಚು ಕೂಗುತ್ತಿದ್ದದ್ದು ಗಂಡಸರೇ.

ಚಿಗುರಿ ಮೊಟ್ಟೆ ಇಟ್ಟಳು, ಕಾವು ಕೊಟ್ಟಳು. ಒಳಗೆ ಏನೂ ಇರಲಿಲ್ಲ. ಮತ್ತೆ ಇಟ್ಟಳು, ಮತ್ತೆ ಏನೂ ಇರಲಿಲ್ಲ. ಎದೆಯ ಎಲುಬು ಕತ್ತಿಯಂತೆ ಎದ್ದಿತು. ಈಗ ಭರಮಪ್ಪನೂ ರೆಕ್ಕೆಪುಕ್ಕ ಉಬ್ಬಿಸಿಕೊಂಡು ಬುಟ್ಟಿಯ ತಳದಲ್ಲಿ ಕೂತಿದ್ದ. ಕೂಗೇ ಇಲ್ಲ. ಉಸಿರೆಳೆದಾಗಲೆಲ್ಲ ಬಾಲ ಅದುರುತ್ತಿತ್ತು.

"ಪ್ಯಾರಲಹಣ್ಣು ಜಾಸ್ತಿ ತಿಂದಾನ" ಎಂದಳು ಸಂಕವ್ವ.

"ಹೊಟ್ಟಿ ಮೆಲ್ಲಗ ಮುಟ್ಟಿ ನೋಡು" ಎಂದಿತು ಹೊಳೆ.

"ಕಲ್ಲಿನಂಥಾದ್ದು ಏನೋ ಐತಿ."

ಹೊಳೆ ಕಿಲಕಿಲ ನಕ್ಕಿತು. ನಗು ಅರ್ಧಕ್ಕೇ ನಿಂತಿತು. "ಸಂಕವ್ವಾ, ನಿನ್ನ ಭರಮಪ್ಪ ಹೆಣ್ಣು. ಮೊಟ್ಟಿ ಸಿಕ್ಕೊಂಡೈತಿ. ಅದು ಹೊರಗ ಬರಲಿಲ್ಲಂದ್ರ ಪಕ್ಷಿ ಉಳಿಯೂದಿಲ್ಲ."

"ನಿನಗೇನು ಗೊತ್ತು?"

"ಬಾತುಗಳು ನನ್ನ ದಂಡೆ ಮ್ಯಾಲೇ ಹಡಿತಾವ, ನನಗ ಗೊತ್ತಿಲ್ಲೇನು? ಬರೇ ಹಣ್ಣು ತಿನಿಸೀದಿ. ಮೊಟ್ಟಿಗೆ ಚಿಪ್ಪು ಎಲ್ಲಿಂದ ಬರಬೇಕು? ಆಕಿ ಎಲುಬಿನಿಂದ!"

ಸಂಕವ್ವ ಬುಟ್ಟಿ ಇಳಿಸಿದಳು. ಹೊಳೆ ಕೊಟ್ಟ ಕಪ್ಪೆಚಿಪ್ಪನ್ನು ಪುಡಿಮಾಡಿ ನೀರಲ್ಲಿ ಕಲಸಿ ಹನಿಹನಿಯಾಗಿ ಕುಡಿಸಿದಳು. ಸೂರ್ಯ ಕಾಯಿಸಿದ ಕಲ್ಲಿಗೆ ಒದ್ದೆ ಬಟ್ಟೆ ಸುತ್ತಿ, ಬೆಚ್ಚಗೆ ಮಾಡಿ, ಭರಮಪ್ಪನನ್ನು ಕೂರಿಸಿದಳು.

ಗಾಳಿ ಬಂದು ಸೆರಗು ಎಳೆಯಿತು. "ಬಾರ ಸಂಕವ್ವಾ! ಆ ಗುಡ್ಡದಾಚೆ ಹೊಸಾ ಊರು ಹುಟ್ಟೇತಿ!"

"ಇಲ್ಲ."

"ಸಮುದ್ರ ಕಾಣತೈತಿ!"

"ಕಾಣಲಿ. ಮೊದಲು ಇದು. ನೀನೂ ಸ್ವಲ್ಪ ಬೀಸೋದು ನಿಲ್ಲಿಸು, ಪಕ್ಷಿಗೆ ಥಂಡಿ ಆಗತೈತಿ."

ಕಲ್ಲು ತಣ್ಣಗಾದಾಗಲೆಲ್ಲ ಇನ್ನೊಂದು ತಂದಳು. ಜನ್ಮದಲ್ಲಿ ಮೊದಲ ಸಲ ಅವಳು ಇಡೀ ಹಗಲು ಒಂದೇ ಕಡೆ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಭರಮಪ್ಪ ಮೊಟ್ಟೆ ಇಟ್ಟ. ಇಟ್ಟು, ಲೋಕಕ್ಕೆಲ್ಲ ಕೇಳುವಂತೆ ಕಿರುಚಿದ.

ದೂರದಲ್ಲಿ ಗೂಡಿಗೆ ಹೊರಟ ಗಿಳಿಹಿಂಡು ಆ ಕೂಗಿಗೆ ಓಗೊಟ್ಟಿತು. ಸಂಕವ್ವ ಬುಟ್ಟಿ ಎತ್ತಿಕೊಂಡು ಆ ಓಗೊಟ್ಟ ದಿಕ್ಕಿಗೇ ನಡೆದಳು. ಹುಣಸಜ್ಜಿ ಸಿಕ್ಕಳು.

"ಬಂದ್ಯಾ? ಹಾರೋ ಮರಿ ಎಲ್ಲಿ?"

"ಎರಡೂ ಹೆಣ್ಣು ಅಂತ ನೀನಾದರೂ ಹೇಳಬಾರದಿತ್ತಾ?"

"ಹೇಳಾಕ ನೀ ನಿಂತಿದ್ದಿ ಏನು? ಕೂಡು ಇಲ್ಲೆ. ಕೂತು ನೋಡು."

ಸಂಕವ್ವ ಬುಟ್ಟಿಯನ್ನು ಕೊಂಬೆಗೆ ತೂಗುಹಾಕಿ ಕೂತಳು. ಕಾಲು ತುರಿಸುತ್ತಿತ್ತು; ಆದರೂ ಕೂತಳು. ಭರಮಪ್ಪನಿಗೆ ಆ ವರ್ಷ ಪೂರ್ತಿ ವಿಶ್ರಾಂತಿ. ಚಿಗುರಿ ಚಿಪ್ಪಿನ ಪುಡಿ, ಕಾಳು, ಸೊಪ್ಪು ತಿಂದು ಮೈ ತುಂಬಿಕೊಂಡಳು. ಮಳೆ ಹೋಗಿ ಚಳಿ ಬಂತು. ಆಗ ಒಂದು ಹಸಿರು ಗಿಳಿ ಹಾರಿಬಂದು, ತಾನು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಚಿಗುರಿಗೆ ಗುಟುಕು ಕೊಟ್ಟಿತು. ಮರುದಿನವೂ ಕೊಟ್ಟಿತು. ದಿನಾಲೂ ಕೊಟ್ಟಿತು.

"ಅದೇ ಗಂಡು" ಎಂದಳು ಹುಣಸಜ್ಜಿ.

ಸಂಕವ್ವ ತನ್ನ ಕೊರಳಿಗೆ ಕೈ ಹಾಕಿದಳು. ಮೊದಲ ಸಲ ಮನೆ ಬಿಟ್ಟಾಗ ಅವ್ವ ಕಟ್ಟಿದ ಕರಿದಾರ ಅಲ್ಲಿತ್ತು. ಮುಂದೆ ಕಪ್ಪು, ಹಿಂದೆ, ಗಂಟಿನ ಹತ್ತಿರ, ದಾರಿಗಳ ಕೆಮ್ಮಣ್ಣು ಕೂತು ಗುಲಾಬಿಯಾಗಿತ್ತು. ಅದನ್ನು ಬಿಚ್ಚಿ ಆ ಗಂಡುಗಿಳಿಯ ಕೊರಳಿಗೆ ಸುತ್ತಿದಳು.

"ನನ್ನಂಥಾ ಹೊಸಬರು ಇನ್ನೊಮ್ಮೆ ತಪ್ಪಬಾರದು" ಎಂದಳು.

ಚಿಗುರಿಯ ಮೊಟ್ಟೆಗಳು ಈ ಸಲ ಒಡೆದವು. ಕಣ್ಣು ಬಿಡದ ಕೆಂಪು ಮರಿಗಳಿಗೆ ಚಿಗುರಿ ಕಾವು ಕೊಟ್ಟಳು, ಗಂಡು ಗುಟುಕು ತಂದ. ಸಂಕವ್ವ ಹಾವಿಗೂ ಬೆಕ್ಕಿಗೂ ಕೋಲು ಹಿಡಿದು ಕಾದಳು.

"ಈ ಗಂಡುಮರಿಗಳಿಗೆ ಪಟ್ಟಿ ಬ್ಯಾಡೇನು?" ಎಂದು ಹುಣಸಜ್ಜಿ ಕೇಳಿದಳು.

"ತಾವೇ ಬಾಯಿ ತೆರೆದು ಗುಟುಕು ಬೇಡತಾವ, ಈಗ್ಯಾಕ? ಇನ್ನೊಬ್ಬರಿಗೆ ಗುಟುಕು ಕೊಡೋ ವಯಸ್ಸು ಬರಲಿ. ಆಗ ಪಟ್ಟಿ ತಾನೇ ಬಂದೀತು."

ರೆಕ್ಕೆ ಬಲಿತ ಬೆಳಿಗ್ಗೆ ಸಂಕವ್ವ ಬುಟ್ಟಿಯ ಬಾಯಿ ತೆರೆದಳು. ಮರಿಗಳು ಪೊಟರೆಗೆ ಹಾರಿದವು. ಹಿಂದೆಯೇ ಚಿಗುರಿ. ಕೊನೆಗೆ ಬೈಯುತ್ತ ಬೈಯುತ್ತ ಭರಮಪ್ಪ. "ಎಣಿಸಿಕೋ ಅಜ್ಜಿ, ಕಡ ತೀರಿತು" ಎಂದು ಸಂಕವ್ವ ಬರಿದಾದ ಬುಟ್ಟಿಯನ್ನು ಮರದ ಬುಡದಲ್ಲೇ ಬೋರಲು ಹಾಕಿ ಹೊರಟಳು.

ಅದಕ್ಕೇ ಇವತ್ತಿಗೂ, ಪೇರಲಗಿಡಕ್ಕೆ ಗಿಳಿ ಇಳಿದಾಗ ನೋಡು ಮಗಾ: ಮರಿಗೆ ಕೊರಳಪಟ್ಟಿ ಇಲ್ಲ, ಹೆಣ್ಣಿಗೂ ಇಲ್ಲ, ಗುಟುಕು ಕೊಡುವಷ್ಟು ಬೆಳೆದ ಗಂಡಿಗೆ ಮಾತ್ರ ಮುಂದೆ ಕಪ್ಪು, ಹಿಂದೆ ಗುಲಾಬಿ.