ನಾಗಲೆಯ ಕೊನೆಯ ಕುಣಿಕೆ

"ಬಿದಿರೂರಿನ ರಾಣಿ ಚೆನ್ನಲಾದೇವಿಯವರ ಅಪ್ಪಣೆ! ಅರಮನೆಯಲ್ಲಿ ಮೂರು ಒಗಟುಗಳಿವೆ. ಮೂರನ್ನೂ ಒಡೆದವನಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಊರೂರು ತಿರುಗಿದ. ರಾಣಿಯ ಒಬ್ಬಳೇ ಮಗಳು, ಆರು ವರ್ಷದ ನಾಗಲೆ, ಜ್ವರದಲ್ಲಿ ತೀರಿಹೋಗಿ ವರ್ಷವಾಗಿತ್ತು. ಒಗಟಿಗೆ ಕೂತ ಹನ್ನೊಂದು ಮಂದಿ ತಲೆ ಕೊಟ್ಟಿದ್ದರು. ಹನ್ನೊಂದನೆಯವನು ಕಗ್ಗಲಪುರದ ದೊಡ್ಡೀರ.

ಅವನ ತಮ್ಮ ಸಣ್ಣೀರ ಮರುದಿನ ಹೆಣ ಕೇಳಲು ಬಂದ. ಕೊಕ್ಕೆಕಡ್ಡಿಯಲ್ಲಿ ನೂಲಿನ ಚೀಲ ಹೆಣೆದು ಬದುಕುವ ಮನೆಯವನು.

"ಒಗಟಿಗೆ ಕೂತವರಿಗಷ್ಟೇ ರಾಣಿಯ ದರ್ಶನ," ಎಂದ ಬಾಗಿಲವನು. "ಹೋಗಪ್ಪ, ನಿಮ್ಮವ್ವನಿಗೆ ನೀನೊಬ್ಬನಾದರೂ ಉಳಿ."

"ಅಣ್ಣನ್ನ ಮಣ್ಣು ಮಾಡದೆ ಅವ್ವ ಅನ್ನ ಮುಟ್ಟಲ್ಲ," ಎಂದು ಸಣ್ಣೀರ ಒಳಗೆ ಹೋಗಿ ಕೂತ.

ಅಂದು ಅವನ ಜೊತೆ ಇನ್ನಿಬ್ಬರಿದ್ದರು. ರಾಣಿ ತಗ್ಗಿದ ದನಿಯಲ್ಲಿ ಕೇಳಿದಳು: "ತಟ್ಟೆಯಾಗಲು ಹೊರಟದ್ದು ಬಟ್ಟಲಾಯಿತು, ಯಾರೂ ಬಗ್ಗಿಸಲಿಲ್ಲ. ನಾಲ್ಕು ಮೂಲೆಯಾಗಲು ಹೊರಟದ್ದಕ್ಕೆ ಮೂರೇ ಉಳಿದವು, ಯಾರೂ ಕದಿಯಲಿಲ್ಲ. ಇನ್ನೊಂದು, ಕತ್ತರಿಸಿದರೆ ಉಳಿಯುತ್ತದೆ, ಕತ್ತರಿಸದಿದ್ದರೆ ಅಳಿಯುತ್ತದೆ. ಏನಿವು?"

ಸಾಮಂತನ ಮಗ ಮೊದಲನೆಯದಕ್ಕೇ ಚಂದ್ರ ಎಂದ. ಭಟರು ಅವನ ತೋಳು ಹಿಡಿದರು. ಎರಡನೆಯವನು ಒಬ್ಬ ಎಳೆಯ ವೈದ್ಯ. "ಕತ್ತರಿಸಿದರೆ ಉಳಿಯುವುದು ಕೂಸಿನ ಹೊಕ್ಕಳಬಳ್ಳಿ, ತಾಯಿ," ಎಂದ. ರಾಣಿಯ ಕೈ ಮಡಿಲಿಗೆ ಹೋಯಿತು. ಆದರೂ ಅವಳು ಅಲ್ಲವೆಂದು ತಲೆಯಾಡಿಸಿದಳು. ಅವನನ್ನೂ ಹಿಡಿದು ನಿಲ್ಲಿಸಿದರು.

ಸಣ್ಣೀರ ಸೊಂಟದಿಂದ ಕೊಕ್ಕೆಕಡ್ಡಿ, ನೂಲುಂಡೆ ತೆಗೆದ. "ಹೊಸದಾಗಿ ಹೆಣಿಗೆ ಕಲಿಯೋರು ಮಾಡೋ ತಪ್ಪು ಇವು ಅಮ್ಮಾ. ಆರು ಕುಣಿಕೆಯಿಂದ ಶುರು ಮಾಡಿದ್ರೆ ಮುಂದಿನ ಸುತ್ತಿಗೆ ಹನ್ನೆರಡು, ಅದರಾಚೆ ಹದಿನೆಂಟು. ಹಾಗೆ ಹೆಚ್ಚಿಸ್ತಾ ಹೋದ್ರೆ ತಟ್ಟೆ. ಹೆಚ್ಚಿಸೋದು ಮರೆತ್ರೆ ಅಂಚು ಮೇಲೇಳುತ್ತೆ, ಬಟ್ಟಲಾಗುತ್ತೆ. ಚೌಕ ಹೆಣೆಯುವಾಗ ಸಾಲಿನ ತುದಿಯ ಕುಣಿಕೆ ಕಣ್ಣಿಗೆ ಬೀಳಲ್ಲ. ಸಾಲಿಗೊಂದು ಬಿಟ್ಟುಹೋದ್ರೆ ಕೊನೆಗೆ ಮೂರೇ ಮೂಲೆ."

"ಮೂರನೆಯದು?"

"ಹೆಣಿಗೆ ಮುಗಿದಾಗ ನೂಲನ್ನ ಉಂಡೆಯಿಂದ ಕತ್ತರಿಸಿ ಕೊನೆ ಕುಣಿಕೆಯೊಳಗೆ ಎಳೆದು ಬಿಗೀಬೇಕು. ಕತ್ತರಿಸದೆ ಬಿಟ್ರೆ, ಒಂದು ಸಲ ಜಗ್ಗಿದ್ರೂ ಎಲ್ಲಾ ಬಿಚ್ಚಿಹೋಗುತ್ತೆ."

ರಾಣಿ ಮಡಿಲಿಂದ ಸಣ್ಣ ಗಂಟೊಂದನ್ನು ಬಿಚ್ಚಿದಳು. ಸೊಟ್ಟ ಬಟ್ಟಲು, ಮುಮ್ಮೂಲೆಯ ತುಂಡು, ಇನ್ನೂ ಕೊಕ್ಕೆಯಲ್ಲೇ ನೇತಾಡುವ ಅರೆ ಹೆಣಿಗೆ ಅದರಲ್ಲಿದ್ದವು.

"ಹೀಗ್ಯಾಕಾಯ್ತವ್ವಾ ಅಂತ ಕೂಸು ದಿನಾ ಕೇಳುತ್ತಿದ್ದಳು. ನನಗೆ ಪುರುಸೊತ್ತಿರಲಿಲ್ಲ. ಅವಳು ಹೋದ ಮೇಲೆ, ಹೆಣಿಗೆ ಕಲಿಸಿದ ಮುದುಕಿಯನ್ನು ಕೇಳಿ ತಿಳಿದೆ. ಬೇರೆ ಯಾರಿಗೂ ತಿಳಿದಿಲ್ಲವೆಂದು ಕಂಡರೆ ಅವಳಿಗೆ ಹೇಳಿಕೊಡದ ನನ್ನ ಎದೆ ಹಗುರಾದೀತು ಅಂದುಕೊಂಡೆ. ಹನ್ನೊಂದು ತಲೆ ಬಿದ್ದವು. ಹಗುರಾಗಲಿಲ್ಲ."

ಅವಳು ಅರೆ ಹೆಣಿಗೆಯನ್ನು ಚಾಚಿದಳು. "ನನ್ನಿಂದಾಗದು. ನೀನೇ ಕತ್ತರಿಸು."

ಸಣ್ಣೀರ ನೂಲು ಕತ್ತರಿಸಿ ಬಿಗಿದುಕೊಟ್ಟ. ರಾಣಿ ಅದನ್ನು ಎದೆಗೊತ್ತಿಕೊಂಡು, ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ಗೋಳೋ ಎಂದು ಅತ್ತಳು. ಅವಳು ಸನ್ನೆ ಮಾಡಲು ಭಟರು ಸಾಮಂತನ ಮಗನನ್ನೂ ವೈದ್ಯನನ್ನೂ ಬಿಟ್ಟುಬಿಟ್ಟರು.

"ಅರ್ಧ ರಾಜ್ಯ ನಿನ್ನದು."

"ರಾಜ್ಯ ನಂಗ್ಯಾಕಮ್ಮಾ? ನಿನ್ನೆ ಕೊಂದ್ರಲ್ಲ, ಅವನು ನಮ್ಮಣ್ಣ. ಅವನನ್ನ ಕೊಡಿ."

ರಾಣಿ ದೊಡ್ಡೀರನ ಹೆಣ ತರಿಸಿದಳು. ಗಾಡಿ ಕಟ್ಟಿಸಿದಳು. ಗಾಡಿಯ ಹಿಂದೆ ಬರಿಗಾಲಲ್ಲಿ ತಾನೂ ಕಗ್ಗಲಪುರದವರೆಗೆ ನಡೆದಳು.

ಸಣ್ಣೀರನ ತಾಯಿ ಹೊಸ್ತಿಲಲ್ಲಿ ಕೂತಿದ್ದಳು. ಗಾಡಿ ನೋಡಿದಳು, ರಾಣಿಯನ್ನು ನೋಡಿದಳು. ಬೈಯಲಿಲ್ಲ, ಕೈ ಮುಗಿಯಲೂ ಇಲ್ಲ.

"ನಿನ್ನ ಮಗಳ ಹೆಸರೇನವ್ವ?"

"ನಾಗಲೆ."

"ಇವನು ದೊಡ್ಡೀರ. ತಲೆ ಕಡೆ ನಾನು ಹಿಡೀತೀನಿ. ನೀನು ಕಾಲು ಹಿಡಿ, ಇಳಿಸೋಣ."