ಹಳದಿ ಗೂಡಿನ ಒಳಗಿದ್ದ ಬಿಳಿ

‘ಬುದ್ಧಿ, ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ಗುಣ ಮಗುವಿಗೆ ಎಲ್ಲಿಂದ ಬರುತ್ತದೆ?’ ಎಂದು ಶಿವನಂಜ ಕೇಳಿದ.

ಮಠದ ಹಿರಿಯ ಸ್ವಾಮಿಗಳು ಅರ್ಧ ಮುಚ್ಚಿದ ಕಣ್ಣನ್ನು ತೆರೆಯಲಿಲ್ಲ. ‘ಕೊಂಕಣ ಸುತ್ತಿ ಮೈಲಾರಕ್ಕೆ ಬರಬೇಡ. ಯಾರ ಮನೆಯ ಮಗು, ಅದನ್ನು ಹೇಳು’ ಎಂದರು.

ಶಿವನಂಜ ಹೇಳಿದ. ಅವನ ಅಣ್ಣನಿಗೆ ಮಗು ಹುಟ್ಟಿತ್ತು. ಮಗುವಿನದು ಬೆಕ್ಕಿನ ಕಣ್ಣು. ಅಣ್ಣನ ಕಣ್ಣು ಕಪ್ಪು, ಅತ್ತಿಗೆಯ ಕಣ್ಣೂ ಕಪ್ಪು. ಊರಿನವರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದರು. ಮಗು ತನ್ನದಲ್ಲ, ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕುತ್ತೇನೆ ಎಂದು ಅಣ್ಣ ಕೂತಿದ್ದ. ತಾಯಿಯೂ ಮಗನ ಮಾತಿಗೆ ತಲೆಯಾಡಿಸಿದ್ದಳು. ಅತ್ತಿಗೆಗೆ ತವರೆಂದು ಉಳಿದವನು ಒಬ್ಬ ಮುದುಕ ಸೋದರಮಾವ. ಸೋಮವಾರ ಊರ ಹಿರಿಯರು ಸೇರಿ ತೀರ್ಮಾನ ಮಾಡುವವರಿದ್ದರು. ಮಠದಲ್ಲಿ ಓದಿದವನು ಎಂದು ಶಿವನಂಜನ ಮಾತನ್ನೂ ಕೇಳುವವರಿದ್ದರು.

‘ಸರಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ’ ಎಂದು ಸ್ವಾಮಿಗಳು ಶುರು ಮಾಡಿದರು.

ಒಬ್ಬ ರೈತನಿದ್ದ. ರೇಷ್ಮೆ ಹುಳು ಸಾಕುತ್ತಿದ್ದ. ಮೊಟ್ಟೆಯನ್ನು ಬಿತ್ತನೆ ಕೋಠಿಯಿಂದ ತರುತ್ತಿದ್ದ. ಒಳ್ಳೆಯ ಚಿಟ್ಟೆಗಳನ್ನು ಜೋಡಿ ಮಾಡಿ, ಮೊಟ್ಟೆಯಿಡಿಸಿ ರೈತರಿಗೆ ಕೊಡುವ ಮನೆ ಅದು. ಒಂದು ಸಲ ತಂದ ಮೊಟ್ಟೆ ಬಹಳ ಚೆನ್ನಾಗಿ ಬಂತು. ಹುಳುಗಳೆಲ್ಲ ಒಂದೇ ಸಮ ಬೆಳೆದವು. ಕಟ್ಟಿದ ಗೂಡುಗಳೆಲ್ಲ ಹಳದಿ, ಎಲ್ಲವೂ ಗಟ್ಟಿ. ರೈತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ತಳಿ ಮನೆಯಲ್ಲೇ ಇರುವಾಗ ಇನ್ನು ಕೋಠಿಗೆ ಅಲೆಯುವುದೇಕೆ ಎಂದುಕೊಂಡು, ಚೆಂದದ ಗೂಡುಗಳನ್ನು ಬಿತ್ತನೆಗೆ ಎತ್ತಿಟ್ಟ. ಹಾಗೆ ಮಾಡಬೇಡಪ್ಪ, ಈ ತಳಿ ಒಂದೇ ಬೆಳೆಗೆ ಎಂದು ಕೋಠಿಯವನು ಮೊದಲೇ ಹೇಳಿದ್ದ. ತನ್ನ ವ್ಯಾಪಾರಕ್ಕೆ ಹೇಳುತ್ತಾನೆ ಎಂದು ಇವನು ನಕ್ಕುಬಿಟ್ಟ. ಬುದ್ಧಿವಂತ!

ಎತ್ತಿಟ್ಟ ಗೂಡಿನಿಂದ ಚಿಟ್ಟೆ ಬಂದವು. ಮೊಟ್ಟೆಯಿಟ್ಟವು. ಮೊಟ್ಟೆ ಒಡೆದು ಹುಳುವಾದವು. ಹುಳು ಹಣ್ಣಾಗಿ ಗೂಡು ಕಟ್ಟಿದಾಗ ನೋಡುತ್ತಾನೆ, ಹಳದಿಯ ನಡುನಡುವೆ ಬಿಳಿ ಗೂಡು. ಒಂದೆರಡಲ್ಲ, ಎಲ್ಲಿ ಕೈಯಿಟ್ಟರೂ ಇದ್ದವು.

ಆ ಸೀಮೆಯಲ್ಲಿ ಒಂದು ಕಟ್ಟಳೆ. ಹುಳುವಿನ ಮನೆಗೆ ಕಂಡಕಂಡವರು ಹೋಗಬಾರದು. ದೃಷ್ಟಿಯಾಗುತ್ತದೆ, ರೋಗ ತಗಲುತ್ತದೆ. ಬೆಳೆ ಮುಗಿಯುವ ತನಕ ಒಬ್ಬರೇ ಒಳಗೆ ಹೋಗಿ ಸೊಪ್ಪು ಹಾಕಿ ಬರಬೇಕು. ಆ ಮನೆಯಲ್ಲಿ ಹಾಗೆ ಹೋಗುತ್ತಿದ್ದವಳು ರೈತನ ಹೆಂಡತಿ. ಅವಳ ತವರಿನಲ್ಲಿ ಸಾಕುತ್ತಿದ್ದುದು ಬಿಳಿ ಗೂಡಿನ ಹುಳು. ಇನ್ನೇನು ಬೇಕು? ಒಳ್ಳೆಯ ಹುಳುಗಳನ್ನು ತವರಿಗೆ ಸಾಗಿಸಿ, ಖಾಲಿ ಜಾಗಕ್ಕೆ ಅಲ್ಲಿನವನ್ನು ತಂದು ಬೆರೆಸಿದ್ದಾಳೆ ಎಂದು ರೈತ ತಾನೇ ತೀರ್ಪು ಕೊಟ್ಟುಕೊಂಡ.

‘ನಾನು ಒಂದು ಹುಳುವನ್ನೂ ಹೊರಗೆ ಕೊಟ್ಟಿಲ್ಲ, ಒಂದನ್ನೂ ಒಳಗೆ ತಂದಿಲ್ಲ’ ಎಂದಳು ಹೆಂಡತಿ.

‘ಬೀಜದಂತೆ ಬೆಳೆ. ಹಳದಿಯ ಹೊಟ್ಟೆಯಲ್ಲಿ ಬಿಳಿ ಹುಟ್ಟುತ್ತದೆಯೇನೇ? ಯಾರ ಕಿವಿಗೆ ಹೂವಿಡುತ್ತೀ?’ ಎಂದ ರೈತ.

ಅವಳು ಕಳ್ಳಿ ಎನಿಸಿಕೊಂಡ ಮನೆಯಲ್ಲಿ ನೀರೂ ಕುಡಿಯದೆ ತವರಿಗೆ ಹೋದಳು.

ರೈತನಿಗೆ ಅಷ್ಟು ಸಾಲಲಿಲ್ಲ. ಅವಳ ಅಣ್ಣಂದಿರ ಎದುರು ಕಳ್ಳತನವನ್ನು ರುಜುವಾತು ಮಾಡಬೇಕು ಎಂದು ಹಟ ಹಿಡಿದ. ಅದೇ ಕೋಠಿಗೆ ಹೋಗಿ ಅದೇ ತಳಿಯ ಮೊಟ್ಟೆ ತಂದ. ಹುಳುವಿನ ಮನೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಸೊಪ್ಪು ತಂದವನೂ ಅವನೇ, ಹಾಕಿದವನೂ ಅವನೇ, ಕಸ ತೆಗೆದವನೂ ಅವನೇ. ಗೂಡು ಕಟ್ಟಿದವು. ಹುಡುಕಿದರೂ ಒಂದು ಬಿಳಿ ಇಲ್ಲ. ‘ನೋಡಿದಿರಾ? ಅವಳಿಲ್ಲ, ಬಿಳಿಯೂ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಊರಿನವರೂ ಹೌದು ಹೌದು ಎಂದರು. ಎನ್ನದೆ ಇರುತ್ತಾರೆಯೇ?

ಅಷ್ಟಕ್ಕೆ ಸುಮ್ಮನಾಗಿದ್ದರೆ ಆ ಹೆಂಗಸು ಸಾಯುವ ತನಕ ಕಳ್ಳಿಯಾಗಿಯೇ ಉಳಿಯುತ್ತಿದ್ದಳು. ಆದರೆ ರೈತನಿಗೆ ಇನ್ನೂ ಒಂದು ಮೊಳೆ ಹೊಡೆಯುವ ಆಸೆ. ಆ ಹಳದಿ ಗೂಡುಗಳಲ್ಲೇ ಮತ್ತೆ ಬಿತ್ತನೆಗೆ ಆರಿಸಿದ. ಈ ಸಲ ಒಂದೊಂದು ಜೋಡಿಯನ್ನೂ ಬೇರೆ ಬೇರೆ ಇಟ್ಟ. ಮೊಟ್ಟೆಯಿಡುವ ಪ್ರತಿಯೊಂದು ಚಿಟ್ಟೆಯ ಮೇಲೂ ಒಂದೊಂದು ಬಟ್ಟಲು ಕವುಚಿದ. ಒಬ್ಬ ತಾಯಿಯ ಮಕ್ಕಳು ಇನ್ನೊಬ್ಬ ತಾಯಿಯ ಮಕ್ಕಳ ಜೊತೆ ಸೇರದಂತೆ ತಾಯಿಗೊಂದು ತಟ್ಟೆ ಇಟ್ಟ. ಕೀಲಿ ಉಡಿದಾರದಲ್ಲೇ ಇತ್ತು. ಸ್ನಾನಕ್ಕೂ ಬಿಚ್ಚಲಿಲ್ಲ. ಸಿಟ್ಟಿನಲ್ಲಿ ಮನುಷ್ಯ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾನೆ ನೋಡು!

ಗೂಡು ಕಟ್ಟಿದ ಮೇಲೆ ಬಾಗಿಲು ತೆರೆದು ನೋಡಿದ. ಎಲ್ಲ ತಟ್ಟೆಯಲ್ಲೂ ಬಿಳಿ. ಎಣಿಸಿದ. ಹೆಚ್ಚುಕಡಿಮೆ ಮೂರು ಹಳದಿಗೆ ಒಂದು ಬಿಳಿ. ರೈತ ಮೊದಲು ಬೀಗವನ್ನು ಎಳೆದು ನೋಡಿದ. ಆಮೇಲೆ ಸೂರಿನ ಹೆಂಚನ್ನು ನೋಡಿದ. ಯಾವುದೂ ಅಲುಗಿರಲಿಲ್ಲ. ಒಂದು ತಟ್ಟೆಯನ್ನು ಹೊತ್ತುಕೊಂಡು ಕೋಠಿಗೆ ಓಡಿದ.

ಕೋಠಿಯವನು ತಟ್ಟೆ ನೋಡಿ ಹೇಳಿದ: ‘ಬೇಡವೆಂದರೂ ಬಿತ್ತನೆಗೆ ಇಟ್ಟೆಯಾ ಗೌಡ? ಈ ತಳಿಯ ತಾಯಿ ಹಳದಿ ಗೂಡಿನದು, ತಂದೆ ಬಿಳಿ ಗೂಡಿನದು. ಮಕ್ಕಳಲ್ಲಿ ಹಳದಿ ಮಾತ್ರ ಕಾಣುತ್ತದೆ. ಬಿಳಿ ಸತ್ತಿರುವುದಿಲ್ಲ, ಒಳಗೇ ಇರುತ್ತದೆ. ಅಂಥ ಎರಡು ಜೊತೆಯಾದರೆ ಕೆಲವು ಮರಿಗಳಿಗೆ ಎರಡು ಕಡೆಯಿಂದಲೂ ಬಿಳಿಯೇ ಇಳಿಯುತ್ತದೆ. ನಾಲ್ಕಕ್ಕೆ ಒಂದು ಹಾಗೆ. ಅದು ಬಿಳಿ ಗೂಡು ಕಟ್ಟುತ್ತದೆ.’

‘ಅಯ್ಯಾ, ಯಾವ ಹಳದಿ ಅಪ್ಪಟ, ಯಾವುದರೊಳಗೆ ಬಿಳಿ ಇದೆ ಎಂದು ತಿಳಿಯುವುದು ಹೇಗೆ?’

‘ಮೇಲಿಂದ ನೋಡಿದರೆ ತಿಳಿಯದು. ಬಿಳಿಯ ಜೊತೆ ಕೂಡಿಸಿ ಮಕ್ಕಳನ್ನು ನೋಡಬೇಕು. ಮಕ್ಕಳಲ್ಲಿ ಬಿಳಿ ಬಂದರೆ ಅದರೊಳಗೂ ಇತ್ತು ಅಂತಲೇ ಲೆಕ್ಕ.’

ರೈತ ಮನೆಗೆ ಹೋಗಲಿಲ್ಲ. ತಟ್ಟೆ ಹೊತ್ತುಕೊಂಡೇ ಹೆಂಡತಿಯ ತವರಿಗೆ ಹೋದ. ಅವಳ ಅಣ್ಣಂದಿರನ್ನು ಕರೆದ, ಅಕ್ಕಪಕ್ಕದವರನ್ನು ಕರೆದ. ಎಲ್ಲರ ಎದುರು ಗೂಡು ತೋರಿಸಿ, ನಡೆದದ್ದನ್ನು ಒಂದೂ ಬಿಡದೆ ಹೇಳಿ, ಇವಳು ಕಳ್ಳಿಯಲ್ಲ, ಇದಕ್ಕೆ ಹುಳುವೇ ಸಾಕ್ಷಿ, ನನ್ನದು ತಪ್ಪಾಯಿತು ಎಂದು ಅತ್ತ. ಅಳು ನಿಜವಾದದ್ದೇ. ನಾಟಕವಲ್ಲ.

ಹೆಂಡತಿ ಗೂಡುಗಳನ್ನು ನೋಡಿದಳು. ಬಿಸಿಲಲ್ಲಿ ಬಂದವನೆಂದು ಒಂದು ಚೊಂಬು ನೀರು ತಂದುಕೊಟ್ಟಳು. ಮತ್ತೆ ಹೋಗಿ ಸೊಪ್ಪು ಬಿಡಿಸುತ್ತ ಕೂತಳು. ಸಂಜೆಯ ತನಕ ಕಾದು ರೈತ ಒಬ್ಬನೇ ಊರಿಗೆ ಹೊರಟ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಶಿವನಂಜನ ಮುಖ ಅರಳಿತ್ತು. ‘ತಿಳಿಯಿತು ಬುದ್ಧಿ. ಅಣ್ಣನ ಒಳಗೂ ಅತ್ತಿಗೆಯ ಒಳಗೂ ಕಾಣದೆ ಇದ್ದದ್ದು ಮಗುವಿನಲ್ಲಿ ಕಾಣಿಸಿಕೊಂಡಿರಬಹುದು. ಕಣ್ಣು ನೋಡಿ ಹೆಣ್ಣಿನ ಮೇಲೆ ತಪ್ಪು ಹೊರಿಸಲಾಗದು. ಸೋಮವಾರ ಹಿರಿಯರ ಮುಂದೆ ಇದನ್ನೇ ಹೇಳುತ್ತೇನೆ.’

‘ಹೇಳು. ಹೇಳದೆ ಇದ್ದರೆ ಈ ಮಠದ ಮೆಟ್ಟಿಲು ಹತ್ತಬೇಡ.’

ಶಿವನಂಜ ಎದ್ದ. ಬಾಗಿಲ ತನಕ ಹೋಗಿ ತಿರುಗಿ ನಿಂತ. ‘ಆದರೆ ಬುದ್ಧಿ, ನಾಲ್ಕು ಜನರ ಎದುರು ಕಳಂಕ ಕಳೆಯಿತಲ್ಲ. ಆಕೆ ಯಾಕೆ ಗಂಡನ ಜೊತೆ ಬರಲಿಲ್ಲ?’

‘ಅದನ್ನು ನಿನ್ನ ಅತ್ತಿಗೆಯನ್ನು ಕೇಳು, ಇದುವರೆಗೆ ಅವಳೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರನ್ನೂ ಕೇಳಿದ್ದೀಯಲ್ಲ’ ಎಂದರು ಸ್ವಾಮಿಗಳು.